ಹಗೇವಿನ ಕೂಗು

ಎರಡು ದಿನದಿಂದ ಎಲ್ಲರೂ ಡಬ್ಬಿಯೊಳಗೆ ಇಲ್ಲದ ಫಿಲ್ಮನ್ನು ಹುಡುಕುತ್ತಿದ್ದರೇ ಹೊರತು, ಇದ್ದ ಗೋಣಿಚೀಲದ ಕಡೆ ಯಾರೂ ನೋಡಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಸಹನಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗಂಗಾವತಿಯ ಆ ಮುಚ್ಚಿದ ಟಾಕೀಸಿನ ಮೆಷಿನ್ ರೂಮಿನಲ್ಲಿ ಬೆಳಗಿನ ಒಂಬತ್ತಕ್ಕೂ ಮಬ್ಬು ಮಬ್ಬು. ಗೋಡೆಯ ಬದಿಗೆ ಹದಿನಾಲ್ಕು ತಗಡಿನ ಡಬ್ಬಿಗಳು. ಹದಿಮೂರರಲ್ಲಿ ‘ಒಳಚಿಲಕ’ ಚಿತ್ರದ ಹದಿಮೂರು ರೀಲುಗಳು ಇದ್ದಂತೆಯೇ ಇದ್ದವು. ಕೊನೆಯ ಡಬ್ಬಿಯಲ್ಲಿ ಮಾತ್ರ ರೀಲಿನ ಬದಲು ಈ ಚೀಲವನ್ನು ಮಡಚಿ ತುರುಕಿದ್ದರು.

ಚೀಲದ ಎಳೆಗಳ ನಡುವೆ ಹಿಟ್ಟಿನಂಥ ಬಿಳಿ ಪುಡಿ, ನಯವಾದ ಮರದ ಹೊಟ್ಟು. ಗಂಗಾವತಿಯಲ್ಲಿ ಗೋಣಿಚೀಲವೆಂದರೆ ಭತ್ತದ ಚೀಲ. ಇದರಲ್ಲಿ ಭತ್ತದ ಒಂದು ಸಿಪ್ಪೆಯೂ ಸಿಗಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಗಿಡ್ಡಪ್ಪ ಬಗ್ಗಿ ಮೂಸಿ ನೋಡಿದ. ಮತ್ತೊಮ್ಮೆ ಮೂಸಿದ.

“ಹುಣಸಿ ಬೀಜದ ಅಂಟು, ಮೇಡಂ. ಕಿನ್ನಾಳದಾಗ ಬೊಂಬಿ ಮಾಡೋರ ಮನಿಯಾಗ ಇದ ವಾಸನಿ ಇರತೈತಿ.”

ಸಹನಾ ಚೀಲವನ್ನು ಕವರಿನಲ್ಲಿ ಹಾಕಿಕೊಂಡು ಕಬ್ಬಿಣದ ಮೆಟ್ಟಿಲಿಳಿದಳು. ಸಂಜೆಯೊಳಗೆ ರೀಲು ಸಿಗಬೇಕಿತ್ತು. ಸಿಗದಿದ್ದರೆ ವಾಹೀದನನ್ನು ಬಂಧಿಸದೆ ಬೇರೆ ದಾರಿ ಇರಲಿಲ್ಲ.

ವಾಹೀದನಿಗೆ ಎಪ್ಪತ್ತೊಂದು. ಆ ಟಾಕೀಸಿನಲ್ಲಿ ನಲವತ್ತು ವರ್ಷ ಮೆಷಿನ್ ಓಡಿಸಿದವನು. ಟಾಕೀಸು ಮುಚ್ಚಿದ ಮೇಲೂ ಮೆಷಿನ್ ರೂಮಿನ ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಬೀಗ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ. ಹಾಗಾಗಿ ಎಲ್ಲರ ಬೆರಳೂ ಅವನ ಕಡೆಗೇ. ಎರಡು ದಿನ ಬೆಳಿಗ್ಗೆ ತಾನಾಗಿಯೇ ಠಾಣೆಗೆ ಬಂದು, ಸಂಜೆವರೆಗೂ ಬೆಂಚಿನ ಮೇಲೆ ಕೂತು ಹೋಗಿದ್ದ. ಇವತ್ತೂ ಬಂದಿದ್ದ. ರೀಲು ಎಲ್ಲಿ ಎಂದು ಎಷ್ಟು ಸಲ ಕೇಳಿದರೂ ಅವನದು ಒಂದೇ ಉತ್ತರ: “ರೀಲು ಕೆಟ್ಟ ಕೈಗೆ ಹೋಗಿಲ್ರಿ.”

ದೂರು ಕೊಟ್ಟವನು ರೈಸ್ ಮಿಲ್ಲಿನ ಶರಣಬಸಪ್ಪ. ಟಾಕೀಸು ಅವನದು, ‘ಒಳಚಿಲಕ’ಕ್ಕೆ ಬಂಡವಾಳ ಹಾಕಿದ್ದು ಅವನ ತೀರಿಹೋದ ತಂದೆ. ಆ ಚಿತ್ರದ ನೆಟ್ಟಗಿರುವ ಪ್ರಿಂಟು ಇಡೀ ದೇಶದಲ್ಲಿ ಉಳಿದಿದ್ದು ಇದೊಂದೇ. ನಾಳೆ ಅದನ್ನು ಹೊಸದಾಗಿ ಪ್ರತಿ ತೆಗೆಯುವವರು ವ್ಯಾನು ತರುವವರಿದ್ದರು. ನಮ್ಮಪ್ಪನ ಹೆಸರು ಉಳಿದಿರೂದು ಆ ಒಂದು ಸಿನಿಮಾದಿಂದ ಎಂದು ಹೇಳುವಾಗ ಶರಣಬಸಪ್ಪ ಮುಖ ತಿರುಗಿಸಿ ಕಣ್ಣೊರೆಸಿಕೊಂಡಿದ್ದ. ಅದು ನಟನೆ ಎಂದು ಸಹನಾಗೆ ಅನಿಸಿರಲಿಲ್ಲ.

ಜೀಪು ಕೊಪ್ಪಳದ ರಸ್ತೆ ಹಿಡಿದ ಮೇಲೆ ಗಿಡ್ಡಪ್ಪ ಆ ಸಿನಿಮಾದ ಮಾತು ತೆಗೆದ. ಅವನು ಗಂಗಾವತಿಯಲ್ಲೇ ಹುಟ್ಟಿ ಬೆಳೆದವನು. ನಲವತ್ತೇಳು ವರ್ಷದ ಹಿಂದೆ ಅವನ ತಾಯಿ ಮಗನನ್ನು ಕಂಕುಳಲ್ಲಿ ಹಿಡಿದು ‘ಒಳಚಿಲಕ’ ನೋಡಲು ಹೋಗಿದ್ದಳಂತೆ. ಮನೆಗೆ ಬಂದವಳೇ ಅಡುಗೆಮನೆ ಬಾಗಿಲಿನ ಚಿಲಕವನ್ನು ಕಲ್ಲಿನಿಂದ ಕುಟ್ಟಿ ಕಿತ್ತು ಹಾಕಿದ್ದಳು. ಆ ಬಾಗಿಲಿಗೆ ಇವತ್ತಿಗೂ ಚಿಲಕವಿಲ್ಲ.

ಹಾಗಿತ್ತು ಆ ಚಿತ್ರ. ಯಲಬುರ್ಗಾ ಕಡೆಯ ಒಂದು ಹಳೇ ವಾಡೆ, ಅಲ್ಲಿಗೆ ಸೊಸೆಯಾಗಿ ಬಂದ ಹುಡುಗಿ. ಯಾರೂ ಇಲ್ಲದ ಕೋಣೆಗಳು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತವೆ ಎಂದು ಅವಳು ಹೇಳುತ್ತಾಳೆ. ಗಂಡ ನಂಬುವುದಿಲ್ಲ, ಅತ್ತೆ ನಂಬುವುದಿಲ್ಲ. ಕೊನೆಕೊನೆಗೆ ನೋಡುವವರಿಗೂ ಅವಳ ತಲೆ ಸರಿಯಿದೆಯೇ ಎಂಬ ಅನುಮಾನ ಹುಟ್ಟುತ್ತದೆ. ಕೊನೆಯ ನಾಲ್ಕು ನಿಮಿಷ ಅವಳು ಅಂಗಳದ ಹಗೇವಿನೊಳಗಿರುತ್ತಾಳೆ. ಜೋಳ ತುಂಬಿಡುವ, ನೆಲದೊಳಗಿನ ಆ ಗುಂಡಿಯಿಂದ ಒಂದು ಕೈ ಮೇಲೆ ಬರುತ್ತದೆ, ಕಲ್ಲಿನ ಮುಚ್ಚಳ ಇಳಿಯುತ್ತದೆ. ಆಮೇಲೆ ಪರದೆ ಪೂರ್ತಿ ಕಪ್ಪು. ಕೂಗು ಮಾತ್ರ ಕೇಳುತ್ತದೆ.

ಮುಚ್ಚಳ ಹಾಕಿದವರು ಯಾರು ಎಂಬುದನ್ನು ಚಿತ್ರ ಹೇಳುವುದಿಲ್ಲ. ನಲವತ್ತೇಳು ವರ್ಷದಿಂದ ಜನ ಅದನ್ನೇ ವಾದಿಸುತ್ತ ಬಂದಿದ್ದಾರೆ. ಸಿನಿಮಾ ಕಲಿಸುವ ಕಾಲೇಜುಗಳಲ್ಲಿ ಆ ನಾಲ್ಕು ನಿಮಿಷ ಪಾಠವಾಗಿದೆ. ನಾಯಕಿಯಾಗಿದ್ದ ನೇತ್ರಾವತಿ ಎಂಬವಳು ಆ ಒಂದು ಚಿತ್ರ ಬಿಟ್ಟು ಮತ್ತೆಲ್ಲೂ ಕಾಣಿಸಲಿಲ್ಲ. ಪಾತ್ರ ಅವಳ ಮೈಮೇಲೆ ಬಂದು ತಲೆ ಕೆಟ್ಟಿತು, ಯಾವುದೋ ಆಸ್ಪತ್ರೆಯಲ್ಲಿ ಸತ್ತಳು ಎಂದು ಬರೆದವರು ಎಷ್ಟೋ ಮಂದಿ.

ಸಹನಾ ಅದನ್ನು ಕುಷ್ಟಗಿಯ ತನ್ನ ಮನೆಯಲ್ಲಿ, ಏಳನೇ ಕ್ಲಾಸಿನಲ್ಲಿದ್ದಾಗ ಟಿವಿಯಲ್ಲಿ ನೋಡಿದ್ದಳು. ಅಜ್ಜನ ಅಂಗಳದಲ್ಲೂ ಒಂದು ಹಗೇವಿತ್ತು. ಅದರ ಬಾಯಿಗೆ ಮಣ್ಣು ತುಂಬಿಸಿ ಆಗಲೇ ಎಷ್ಟೋ ವರ್ಷವಾಗಿತ್ತು. ಆದರೂ ಕಾಲೇಜು ಮುಗಿಯುವವರೆಗೆ ಅವಳು ಅದನ್ನು ದಾಟದೆ ಸುತ್ತಿಕೊಂಡೇ ಓಡಾಡಿದ್ದಳು.

ಕಿನ್ನಾಳದಲ್ಲಿ ಹೆಚ್ಚು ಹುಡುಕಬೇಕಾಗಲಿಲ್ಲ. ಬೊಂಬೆ ಮಾಡುವ ಎರಡನೇ ಮನೆಯಲ್ಲೇ ಸುಳಿವು ಸಿಕ್ಕಿತು. ತಮ್ಮಲ್ಲಿ ಕೂಲಿಗೆ ಬರುವ ಹುಲಗೆಮ್ಮ ಸೋಮವಾರ ಒಬ್ಬಳೇ ಗಂಗಾವತಿಗೆ ಹೋಗಿದ್ದಳೆಂದು ಮನೆಯ ಯಜಮಾನ ಹೇಳಿದ. ಕಣ್ಣು ತೋರಿಸಬೇಕೆಂದು ಹೇಳಿ ಹೋದವಳು ಔಷಧಿಯ ಚೀಟಿಯನ್ನೂ ತರಲಿಲ್ಲವಂತೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಈಗ ಬಣ್ಣ ಹಚ್ಚಲಾಗುವುದಿಲ್ಲ, ಮರ ಉಜ್ಜುವ ಕೆಲಸ ಮಾತ್ರ ಕೊಟ್ಟಿದ್ದೇವೆ, ಮೂವತ್ತು ವರ್ಷದಲ್ಲಿ ಒಂದು ಕೆಟ್ಟ ಮಾತಾಡಿದವಳಲ್ಲ ಎಂದು ಅವನು ಕೇಳದೆಯೇ ಸೇರಿಸಿದ.

ಓಣಿಯ ತುದಿಯ ಒಂದು ಕೋಣೆಯ ಮನೆ. ಹುಲಗೆಮ್ಮ ಕಟ್ಟೆಯ ಮೇಲೆ ಕೂತು ಮರದ ಎತ್ತಿನ ಬೆನ್ನಿಗೆ ಉಪ್ಪುಕಾಗದ ಉಜ್ಜುತ್ತಿದ್ದಳು. ಅರವತ್ತೇಳರ ಮುದುಕಿ. ಒಂದೆರಡು ಸಲ ಉಜ್ಜಿ, ಹೆಬ್ಬೆರಳಿನಿಂದ ಸವರಿ, ಮತ್ತೆ ಉಜ್ಜುತ್ತಿದ್ದಳು. ಬೂಟಿನ ಸಪ್ಪಳಕ್ಕೆ ಕೈ ನಿಂತಿತು.

ಸಹನಾ ಅವಳ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು, ತಾನು ಯಾರೆಂದು ಹೇಳಿ, ಚೀಲವನ್ನು ಅವಳ ಮಡಿಲಿಗಿಟ್ಟಳು. ಹುಲಗೆಮ್ಮನ ಬೆರಳುಗಳು ಅದರ ಮೇಲೆ ಹರಿದಾಡಿ, ಮೂಲೆಯ ಒಂದು ಹೊಲಿಗೆಯ ಮೇಲೆ ನಿಂತವು.

“ನನ್ನ ಚೀಲ ಇದು,” ಎಂದಳು. ಆ ಹೊಲಿಗೆ ಸವರುತ್ತಲೇ, “ವಾಹೀದಗ ಹೊಡದೀರೇನ್ರಿ?”

ಯಾರೂ ಮುಟ್ಟಿಲ್ಲವೆಂದು ಸಹನಾ ಹೇಳಿದಳು. ಆದರೆ ಸಂಜೆಯೊಳಗೆ ರೀಲು ಸಿಗದಿದ್ದರೆ ಅವನನ್ನು ಕೋರ್ಟಿಗೆ ಒಪ್ಪಿಸಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಹುಲಗೆಮ್ಮ ಎತ್ತನ್ನು ಕೆಳಗಿಟ್ಟಳು. ತಾನೇ ಕದ್ದದ್ದು ಎಂದಳು. ವಾಹೀದ ಚಹಾ ಕುಡಿಯಲು ಹೋಗಿದ್ದ, ಬಾಗಿಲು ತೆರೆದಿತ್ತು, ಮೇಲೆ ಹತ್ತಿ ತೆಗೆದುಕೊಂಡು ಬಂದೆ, ಅವನಿಗೆ ಇದರ ಗಾಳಿಯೂ ಗೊತ್ತಿಲ್ಲ. ಪಾಠ ಒಪ್ಪಿಸಿದ ಹಾಗೆ ಒಂದೇ ಉಸಿರಿಗೆ ಹೇಳಿದಳು.

ಸಹನಾ ಎದ್ದು ಅವಳ ಎದುರು ನಿಂತು, ಸದ್ದಿಲ್ಲದೆ ಮೂರು ಬೆರಳು ಎತ್ತಿ ಹಿಡಿದಳು. ಮುದುಕಿಯ ಮುಖ ಅಲುಗಲಿಲ್ಲ.

“ಯಮ್ಮಾ, ಆ ಮೆಟ್ಟಿಲು ಹತ್ತೂದು ನನಗೂ ತ್ರಾಸ ಆತು. ಮ್ಯಾಲೆ ಕತ್ತಲಿ. ಹದಿನಾಲ್ಕು ಡಬ್ಬಿ, ಎಲ್ಲಾ ಒಂದ ಅಳತಿ, ನಂಬರ ಬಣ್ಣದಾಗ ಬರದಾರ. ನಿಮಗ ಕೊನೀ ಡಬ್ಬಿ ಹೆಂಗ ಸಿಕ್ತು?”

ಹುಲಗೆಮ್ಮ ಕೆಳಗಿಟ್ಟ ಎತ್ತನ್ನು ಮತ್ತೆ ಕೈಗೆತ್ತಿಕೊಂಡಳು.

“ಅವರ ಕೈಯಾರೆ ಕೊಟ್ಟಾರ. ಡಬ್ಬಿ ಹಗುರಾಗಬಾರದಂತ ನಿಮ್ಮ ಚೀಲ ಇಸಕೊಂಡು ತುರುಕ್ಯಾರ. ನೀವು ಅವರನ್ನ ಉಳಸಾಕ ಸುಳ್ಳು ಹೇಳಾಕತ್ತೀರಿ, ಅವರು ನಿಮ್ಮನ್ನ ಉಳಸಾಕ ಬಾಯಿ ಮುಚ್ಚ್ಯಾರ. ಯಾಕ?”

ಓಣಿಯಲ್ಲಿ ಯಾರದೋ ಬೈಕು ಹಾದುಹೋಯಿತು. ಮುದುಕಿ ಚೀಲವನ್ನು ಮಡಚಿ ಪಕ್ಕಕ್ಕಿಟ್ಟಳು.

“ಒಂದು ಕಾಲಕ್ಕ ನನ್ನ ಹೆಸರು ನೇತ್ರಾವತಿ ಅಂತಿತ್ರಿ,” ಎಂದಳು.

ಗಿಡ್ಡಪ್ಪ ಗೋಡೆಗೆ ಒರಗಿ ನಿಂತಿದ್ದವನು ನೆಟ್ಟಗಾದ. ಸಹನಾ ಮೆಲ್ಲಗೆ ಮತ್ತೆ ಕಟ್ಟೆಯ ಮೇಲೆ ಕೂತಳು. ಆ ಪೊರೆಗಣ್ಣಿನ ಕೆಳಗೆ, ಸುಕ್ಕಿನ ಕೆನ್ನೆಯ ಹಿಂದೆ, ವಾಡೆಯ ಕಂಬಕ್ಕೆ ಆತುಕೊಂಡು ನಿಂತ ಆ ಹುಡುಗಿಯನ್ನು ಹುಡುಕಿದಳು. ಗದ್ದ ಮಾತ್ರ ಸಿಕ್ಕಿತು. ಅದು ಅದೇ ಗದ್ದ.

ಹುಲಗೆಮ್ಮ ನಾಟಕದ ಕಂಪನಿಯಲ್ಲಿದ್ದವಳು. ನಿರ್ದೇಶಕ ಅವಳನ್ನು ಅಲ್ಲಿ ನೋಡಿ ಕರೆದು, ಹೊಸ ಹೆಸರಿಟ್ಟಿದ್ದ. ಅವನಿಗದು ಮೊದಲ ಚಿತ್ರ, ಕೊನೆಯದೂ ಅದೇ. ಅದು ಬಿಡುಗಡೆಯಾದ ವರ್ಷವೇ ತೀರಿಕೊಂಡ. ಚಿತ್ರ ಗಂಗಾವತಿಯಲ್ಲಿ ಮೂವತ್ತೊಂದು ವಾರ ಓಡಿತು. ಅಷ್ಟೂ ವಾರ, ವಾರಕ್ಕೊಮ್ಮೆ, ಹುಲಗೆಮ್ಮ ತಲೆಯ ಮೇಲೆ ಸೆರಗು ಹೊದ್ದು ಟಾಕೀಸಿನ ಹಿಂಬಾಗಿಲಿಗೆ ಬರುತ್ತಿದ್ದಳು. ವಾಹೀದ ಅವಳನ್ನು ಮೆಷಿನ್ ರೂಮಿನಲ್ಲಿ ಕೂರಿಸುತ್ತಿದ್ದ. ಕೊನೆಯ ರೀಲು ಮುಗಿದ ಮೇಲೆ ಎದ್ದು ಹೋಗುತ್ತಿದ್ದಳು. ಅವಳು ಯಾರೆಂದು ಅವನಿಗೆ ಗೊತ್ತಿತ್ತು. ಒಂದು ದಿನವೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಸಹನಾಗೆ ಅರ್ಥವಾದ ಹಾಗಾಯಿತು. ಹೇಳದೆ ಕೇಳದೆ ನಿಮ್ಮನ್ನು ಆ ಗುಂಡಿಗಿಳಿಸಿ ಮುಚ್ಚಳ ಹಾಕಿದರೇನು, ಆ ಕೂಗು ನಟನೆಯಲ್ಲವೇನು ಎಂದು ಕೇಳಿದಳು. ಕೇಳುವಾಗ ಅವಳ ಕೈ ತಾನಾಗಿ ಮುದುಕಿಯ ಮೊಣಕೈ ಮೇಲೆ ಹೋಗಿತ್ತು.

“ನಾ ಇಳೀಲೇ ಇಲ್ರಿ ಮೇಡಂ. ಆ ಕೂಗು ನಂದಲ್ಲ.”

ಸಹನಾ ಕೈ ತೆಗೆಯಲಿಲ್ಲ.

ಹುಲಗೆಮ್ಮ ಹೇಳುತ್ತ ಹೋದಳು. ಹಗೇವಿನ ಬಾಯಿ ನೋಡಿಯೇ ಅವಳು ಹಿಂದೆ ಸರಿದಿದ್ದಳು. ವರ್ಷಗಟ್ಟಲೆ ಮುಚ್ಚಿದ್ದ ಗುಂಡಿ, ಒಳಗಿನ ಗಾಳಿ ಕೆಟ್ಟಿರುತ್ತದೆ ಎಂದು ಊರಿನ ಹಿರಿಯನೊಬ್ಬ ಎಚ್ಚರಿಸಿದ್ದ. ತಾನು ಇಳಿಯುವುದಿಲ್ಲವೆಂದು ಅವಳು ಹಟ ಹಿಡಿದಳು. ಆಗ ದುರ್ಗಾದೇವಿ ಮುಂದೆ ಬಂದಳು. ಅದೇ ಕಂಪನಿಯ ಹುಡುಗಿ, ತಾವರಗೇರಾದವಳು. ಹುಲಗೆಮ್ಮನಿಗೆ ತಲೆ ಬಾಚುವುದು, ಸೀರೆ ಉಡಿಸುವುದು ಅವಳ ಕೆಲಸ. ಇಬ್ಬರದೂ ಒಂದೇ ಎತ್ತರ. ಕಾಣುವುದು ಕೈ ಮಾತ್ರ ತಾನೇ, ನಾನು ಇಳೀತೀನಿ ಎಂದಳು ದುರ್ಗಿ. ನಗುತ್ತಲೇ ನಾಯಕಿಯ ಸೀರೆ ಉಟ್ಟುಕೊಂಡಳು.

ಹುಲಗೆಮ್ಮನಿಗೆ ನೋಡುವುದಾಗಲಿಲ್ಲ. ವಾಡೆಯ ಹಿಂದಿನ ಬಾವಿಕಟ್ಟೆಗೆ ಹೋಗಿ ಕೂತಳು. ಕೂಗು ಅಲ್ಲಿಯವರೆಗೂ ಬಂತು. ಛಲೋ ಮಾಡುತ್ತಾಳೆ ಎಂದುಕೊಂಡಳು. ನಡುವೆ ಎಲ್ಲೋ ಅದು ಬದಲಾಯಿತು. ಓಡಿ ಬರುವಷ್ಟರಲ್ಲಿ ಅಂಗಳದಲ್ಲಿ ಜನರ ಗುಂಪು, ಹೊರಡುತ್ತಿದ್ದ ಜೀಪು. ದುರ್ಗಿಗೆ ಉಸಿರು ಕಟ್ಟಿತ್ತು, ಗಂಗಾವತಿಯ ದವಾಖಾನೆಗೆ ಒಯ್ಯುತ್ತಾರೆ ಎಂದರು. ವಾರ ಬಿಟ್ಟು ಸಾಹುಕಾರ, ಅಂದರೆ ಶರಣಬಸಪ್ಪನ ತಂದೆ, ಅವಳು ಆರಾಮಾಗಿದ್ದಾಳೆ, ಬೇರೆ ಕಂಪನಿ ಸೇರಿ ಸೊಲ್ಲಾಪುರದ ಕಡೆ ಹೋಗಿದ್ದಾಳೆ ಎಂದ. ದುರ್ಗಿ ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ತಾವರಗೇರಾದ ಸಂತೆಯಲ್ಲಿ ಅವಳ ತಾಯಿ ಸಾಯುವತನಕ ಬಸ್ಸಿನಿಂದ ಇಳಿಯುವ ಹೆಣ್ಣುಮಕ್ಕಳ ಮುಖ ನೋಡುತ್ತಿದ್ದಳಂತೆ.

“ಜನ ನನ್ನ ಹೊಗಳಿದ್ರು. ಆ ಕೂಗಿಗೆ ಬೆಳ್ಳಿ ಫಲಕ ಕೊಟ್ರು. ನಾ ಇಸಕೊಂಡ್ನಿ. ಇಲ್ಲ, ನಂದಲ್ಲ ಅಂತ ಅವತ್ತ ಅಂದಿದ್ರ ಯಾರರ ದುರ್ಗಿನ್ನ ಹುಡುಕತಿದ್ರು. ಅನಲಿಲ್ಲ ನಾ.”

ತಲೆ ಕೆಟ್ಟಿತು ಎಂದು ಬರೆದರೆ ಬರೆದುಕೊಳ್ಳಲಿ ಎಂದು ಸುಮ್ಮನಾದಳು. ಯಾರೂ ಗುರುತಿಸದ ಊರಿಗೆ ಬಂದಳು. ಟಾಕೀಸು ಮುಚ್ಚಿದ ದಿನ ದುರ್ಗಿಗೆ ಇನ್ನಾದರೂ ನೆಮ್ಮದಿ ಸಿಕ್ಕಿತು ಎಂದುಕೊಂಡಿದ್ದಳು. ಹೋದ ತಿಂಗಳು ಕಿನ್ನಾಳದ ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗಿಯೊಬ್ಬಳ ಮೊಬೈಲು ಕೂಗಿತು. ಅದೇ ಕೂಗು. ರಿಂಗ್‌ಟೋನ್ ಮಾಡಿಕೊಂಡಿದ್ದಳು. ಸುತ್ತ ಇದ್ದವರು ಬೆಚ್ಚಿ, ಆಮೇಲೆ ನಕ್ಕರು. ಹುಲಗೆಮ್ಮ ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

ಚಿತ್ರವನ್ನು ಹೊಸದಾಗಿ ಪ್ರತಿ ತೆಗೆದು ಊರೂರಿಗೆ ಕಳಿಸುತ್ತಾರೆಂಬ ಸುದ್ದಿ ಬಂದದ್ದು ಅದೇ ವಾರ. ಈ ಸೋಮವಾರ ಅವಳು ಗಂಗಾವತಿಗೆ ಹೋಗಿ ವಾಹೀದನ ಮುಂದೆ ಕೈ ಮುಗಿದಳು: ಆ ಒಂದು ರೀಲು ಕೊಡಬೇಡ. ಅವನು ಎದುರಾಡದೆ ಅವಳ ಕೈಗೇ ಕೊಟ್ಟ. ಕೊಡುವಾಗ ಒಂದು ಮಾತು ಹೇಳಿದ್ದ. ಮೆಷಿನ್ನಿನಲ್ಲಿ ಫಿಲ್ಮಿನ ಮೇಲಿನ, ಕೆಳಗಿನ ಅಂಚು ಮರೆಯಾಗುತ್ತದೆ, ನಡುವಿನ ಭಾಗ ಮಾತ್ರ ಪರದೆಗೆ ಬೀಳುತ್ತದೆ. ಹೊಸ ಯಂತ್ರ ಹಾಗಲ್ಲ, ಅಂಚನ್ನೂ ಬಿಡದೆ ಪ್ರತಿ ತೆಗೆಯುತ್ತದೆ. ಇಷ್ಟು ವರ್ಷ ಯಾರೂ ನೋಡದ ಒಂದು ಮುಖ ಆ ಅಂಚಿನಲ್ಲಿದೆ.

ಯಾರ ಮುಖ ಎಂದು ಅವಳು ಕೇಳಿದ್ದಳು. ಹೊತ್ತು ಬಂದಾಗ ಹೇಳ್ತೀನಿ ಎಂದಿದ್ದನಂತೆ.

“ಸಾಹುಕಾರ್ರ ಇರಬೇಕ್ರಿ,” ಎಂದಳು ಹುಲಗೆಮ್ಮ. “ಮತ್ಯಾರು ಆ ಕಲ್ಲು ಹಾಕತಾರ?”

ಸಹನಾ ಎದ್ದು ನಾಲ್ಕು ಹೆಜ್ಜೆ ದೂರ ಹೋಗಿ ಠಾಣೆಗೆ ಫೋನ್ ಮಾಡಿದಳು. ರೀಲು ಕಳುವಾಗಿಲ್ಲ, ಇದ್ದ ಜಾಗ ಸಿಕ್ಕಿದೆ, ವಾಹೀದನನ್ನು ಮನೆಗೆ ಕಳಿಸಿ, ಊಟ ಮಾಡಿ ಮಲಗಲು ಹೇಳಿ ಎಂದಳು. ಹಾಗೆ ಹೇಳುವಾಗ ಎರಡು ದಿನದಲ್ಲಿ ಮೊದಲ ಸಲ ಅವಳ ಎದೆ ಹಗುರಾಯಿತು.

ವಾಪಸು ಬರುವಷ್ಟರಲ್ಲಿ ಹುಲಗೆಮ್ಮ ಟ್ರಂಕಿನಿಂದ ರೀಲು ತೆಗೆದಿದ್ದಳು. ಹಳೆಯ ಧೋತರದ ತುಂಡಿನಲ್ಲಿ ಕೂಸಿನ ಹಾಗೆ ಸುತ್ತಿತ್ತು. ಇದನ್ನು ವಶಕ್ಕೆ ತೆಗೆದುಕೊಳ್ಳದೆ ಗತಿಯಿಲ್ಲ ಎಂದಳು ಸಹನಾ. ಆದರೆ ದುರ್ಗಾದೇವಿ ಕಾಣೆಯಾದದ್ದರ ಬಗ್ಗೆ ನೀವು ಒಂದು ದೂರು ಬರೆದುಕೊಟ್ಟರೆ ಈ ರೀಲು ಸಾಕ್ಷಿಯಾಗುತ್ತದೆ, ವ್ಯಾನಿನಲ್ಲಿ ಹೋಗುವುದಿಲ್ಲ. ನಲವತ್ತೇಳು ವರ್ಷದ ಮೇಲೆ ದೂರು ತಗೋತಾರೇನು ಎಂದು ಮುದುಕಿ ಕೇಳಿದಳು. ನಾನು ತಗೋತೀನಿ ಎಂದಳು ಸಹನಾ.

ಹುಲಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ರೀಲನ್ನು ಮುಂದೆ ಚಾಚಿದಳು.

ಹೊತ್ತು ಮಧ್ಯಾಹ್ನಕ್ಕೆ ಬಂದಿತ್ತು, ಕಿಟಕಿಯಲ್ಲಿ ಬೆಳಕು ಚೆನ್ನಾಗಿತ್ತು. ಗಿಡ್ಡಪ್ಪ ರೀಲನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಬಿಚ್ಚುತ್ತ ಹೋದ, ಸಹನಾ ಫಿಲ್ಮನ್ನು ಗಾಜಿಗೆ ಆನಿಸಿ ಚೌಕಟ್ಟು ಚೌಕಟ್ಟಾಗಿ ನೋಡಿದಳು. ವಾಡೆಯ ಕಂಬಗಳು. ಅಂಗಳ. ಹಗೇವಿನ ಕಪ್ಪು ಬಾಯಿ. ಅದರಿಂದ ಮೇಲೆ ಬಂದ ಕೈ, ಮುಂಗೈಯಲ್ಲಿ ಹಚ್ಚೆಯ ಚುಕ್ಕೆಗಳು. ಅವಳು ತಿರುಗಿ ಹುಲಗೆಮ್ಮನ ಕೈ ನೋಡಿದಳು. ಎರಡರಲ್ಲೂ ಹಚ್ಚೆಯಿರಲಿಲ್ಲ. ಮುದುಕಿ ಹೇಳಿದ್ದು ನಿಜವಾಗಿತ್ತು.

ಮುಂದಿನ ಚೌಕಟ್ಟುಗಳಲ್ಲಿ ಕಲ್ಲಿನ ಮುಚ್ಚಳವಿತ್ತು. ಗುಂಡಿಯ ಬಾಯಿಯಿಂದ ಒಂದು ಗೇಣು ಮೇಲೆ. ಮೇಲಿನ ಅಂಚಿನಲ್ಲಿ, ಪರದೆಗೆ ಎಂದೂ ಬೀಳದ ಜಾಗದಲ್ಲಿ, ಅದರ ಮೇಲೆ ಬಾಗಿದ ಒಬ್ಬ ಗಂಡಸು.

ಸಹನಾ ಮೊಬೈಲಿನಲ್ಲಿ ಅದರ ಫೋಟೋ ತೆಗೆದು ದೊಡ್ಡದು ಮಾಡಿದಳು. ಇಪ್ಪತ್ತು, ಇಪ್ಪತ್ತೈದರ ತರುಣ. ತೆಳ್ಳನೆಯ ಮೀಸೆ, ಹಣೆಯ ಮೇಲೆ ಬಿದ್ದ ಕೂದಲು. ಆ ಕಾಲಕ್ಕೆ ಸಾಹುಕಾರನಿಗೆ ಐವತ್ತರ ಹತ್ತಿರ ಎಂದು ಶರಣಬಸಪ್ಪನೇ ಹೇಳಿದ್ದ. ಇವನು ಅವನಲ್ಲ.

ಅವಳು ಮೊಬೈಲನ್ನು ಗಿಡ್ಡಪ್ಪನ ಕಡೆ ತಿರುಗಿಸಿದಳು. ಗಿಡ್ಡಪ್ಪ ನೋಡಿದ. ಅವನ ಕೈಯಿಂದ ಫಿಲ್ಮು ಸರಸರ ಜಾರಿ ನೆಲಕ್ಕೆ ಬಿತ್ತು.

ಚಿಕ್ಕಂದಿನಲ್ಲಿ ಟಿಕೆಟ್ ಇಲ್ಲದೆ ನನ್ನನ್ನು ಒಳಗೆ ಬಿಡುತ್ತಿದ್ದದ್ದು ಇದೇ ಮುಖ ಎಂದು ಅವನು ಹೇಳಿದ್ದು ಸಹನಾಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಅದು ವಾಹೀದ.

ಚಿತ್ರೀಕರಣದ ಕಡೆ ತಾನು ತಲೆ ಹಾಕಿಯೂ ಮಲಗಿಲ್ಲ, ಆ ವಾಡೆಯನ್ನು ಪರದೆಯ ಮೇಲಷ್ಟೇ ನೋಡಿದ್ದೇನೆ ಎಂದು ವಾಹೀದ ಸಹಿ ಹಾಕಿ ಹೇಳಿಕೆ ಕೊಟ್ಟಿದ್ದ.

ಸಹನಾ ಮೊಣಕಾಲೂರಿ ಫಿಲ್ಮನ್ನು ಎತ್ತಿಕೊಂಡಳು. ಅವನ ಎರಡೂ ಕೈ ಕಲ್ಲಿನ ಅಂಚಿನಲ್ಲಿದ್ದವು. ಮುಚ್ಚುತ್ತಿದ್ದಾನೋ, ಎತ್ತುತ್ತಿದ್ದಾನೋ? ಒಂದು ಚೌಕಟ್ಟಿನಿಂದ ಹೇಳಲಾಗದು. ಮುಂದಿನದನ್ನು ನೋಡಿದಳು, ಅದರ ಮುಂದಿನದನ್ನೂ. ಮೂರರಲ್ಲೂ ಕಲ್ಲು ಅದೇ ಒಂದು ಗೇಣು. ನಾಲ್ಕನೆಯದು ಬರೀ ಕಪ್ಪು. ಎರಡರ ನಡುವೆ ಫಿಲ್ಮು ಕತ್ತರಿಸಿ ಅಂಟಿಸಿದ ಗೆರೆ. ರೀಲಿನ ಉಳಿದ ಅಂಟುಗಳೆಲ್ಲ ಹಳದಿಗಟ್ಟಿದ್ದವು. ಈ ಒಂದು ಪಟ್ಟಿ ಮಾತ್ರ ಗಾಜಿನ ಹಾಗೆ ತಿಳಿಯಾಗಿತ್ತು, ನಾಲ್ಕೈದು ದಿನದ್ದು.

ನಡುವಿನ ತುಂಡು ಯಾರೋ ಈ ವಾರವೇ ತೆಗೆದಿದ್ದರು.

ಮೊಬೈಲು ಅವಳ ಕೈಯಲ್ಲೇ ಅದುರಿತು. ಠಾಣೆಯಿಂದ. ವಾಹೀದ ಮನೆಗೆ ಹೋಗಲಿಲ್ಲ, ಮೇಡಂ. ಬೆಂಚಿನಿಂದ ಎದ್ದವನು ನೇರ ಬಸ್ ನಿಲ್ದಾಣಕ್ಕೆ ಹೋಗಿ ಯಲಬುರ್ಗಾದ ಬಸ್ ಹತ್ತಿದ್ದಾನೆ. ಅರ್ಧ ತಾಸಾಯಿತು. ಹಗೇವಿದ್ದ ಆ ವಾಡೆ ಅದೇ ದಾರಿಯಲ್ಲಿತ್ತು.

ಗಿಡ್ಡಪ್ಪ ಆಗಲೇ ಜೀಪಿನ ಕಡೆ ಓಡಿದ್ದ. ಸಹನಾ ಫಿಲ್ಮನ್ನು ಸುತ್ತುತ್ತ ಎದ್ದಳು. ಹುಲಗೆಮ್ಮ ಟ್ರಂಕಿನ ಪಕ್ಕ ಹಾಗೇ ಕೂತಿದ್ದಳು, ಮುಖ ಕಿಟಕಿಯ ಕಡೆಗೆ, ಬೆಳಕಷ್ಟೇ ಕಾಣುವ ಕಣ್ಣು ಅಗಲ ಮಾಡಿಕೊಂಡು.

“ಯಾಕ ಸುಮ್ಮನಾದ್ರಿ?” ಎಂದಳು. “ಸಾಹುಕಾರ್ರ ಅದಾರಲ್ರಿ ಅದರಾಗ?”